ತವರಿನ ದಾರಿಯೂ ರಾಜ್ಯದ ಗಡಿಯೂ

2009ರ ಅಕ್ಟೋಬರ್ ತಿಂಗಳ ಮೊದಲ ದಿನಗಳಲ್ಲಿ ಕೃಷ್ಣೆಯೂ ತುಂಗಭದ್ರೆಯೂ ಒಮ್ಮೆಗೇ ಉಕ್ಕೇರಿ, ಮಂತ್ರಾಲಯದ ಮಠದೊಳಕ್ಕೆ ನೀರು ನುಗ್ಗಿ, ಆಲಂಪುರ ಕ್ಷೇತ್ರವೂ ಕರ್ನೂಲು ಪಟ್ಟಣವೂ ಜಲಾವೃತವಾಗಿ, ಶ್ರೀಶೈಲದ ಅಣೆಕಟ್ಟಿಗೆ ಸುಮಾರು 25 ಲಕ್ಷ ಕ್ಯುಸೆಕ್ ನೀರು ಬಂದೆರಗಿದ ಆ ದುರ್ದಿನಗಳನ್ನು ಈಗ ತೆಲಂಗಾಣಕ್ಕೆ ಸೇರಿದ ನಮ್ಮ ಗದ್ವಾಲ, ಮಕ್ತಲ, ಉಟ್ಕೂರು ಸೀಮೆಯ ಜನ ಇನ್ನೂ ಮರೆತಿಲ್ಲ. ನೆರೆ ಇಳಿಯುವ ಮುನ್ನವೇ ಅನ್ನದ ಹಂಡೆಯನ್ನೂ ಹೊದಿಕೆಯ ಗಂಟನ್ನೂ ಹೊತ್ತು ಬಂದವರಲ್ಲಿ ಮಠದವರಿದ್ದರು, ಚರ್ಚಿನವರಿದ್ದರು, ಮಸೀದಿಯವರಿದ್ದರು. ಕರ್ನಾಟಕದ ದಡದಲ್ಲಿ ಸರ್ಕಾರದ ‘ಆಸರೆ’ ಯೋಜನೆಯೊಡನೆ ಕೈಗೂಡಿಸಿ ಮಠಮಾನ್ಯಗಳು ಮನೆಗಳನ್ನೇ ಕಟ್ಟಿಕೊಟ್ಟವು. ರಾಯಚೂರು ತಾಲ್ಲೂಕಿನ ಡೊಂಗರಾಂಪುರದಲ್ಲಿ ಮಾತಾ ಅಮೃತಾನಂದಮಯಿ ಮಠವು ಕಟ್ಟಿಸಿಕೊಟ್ಟ ಮನೆಗಳು ಅಂಥವು.

ಈ ಸತ್ಕಾರ್ಯಗಳ ಮಹತ್ತ್ವವನ್ನು ಕಿಂಚಿತ್ತೂ ಕುಗ್ಗಿಸುವ ಉದ್ದೇಶ ನನಗಿಲ್ಲ. ಆದರೆ ಪ್ರವಾಹವೆಂಬುದು ಎಲ್ಲರ ಕಣ್ಣಿಗೂ ಬೀಳುವ ಆಪತ್ತು. ಅದು ಬಂದಾಗ ದಾನಿಗಳ ಮನಸ್ಸು ತಾನಾಗಿಯೇ ಕರಗುತ್ತದೆ, ಪತ್ರಿಕೆಯವರು ಚಿತ್ರ ತೆಗೆಯುತ್ತಾರೆ, ಕಟ್ಟಿದ ಮನೆಯ ಗೋಡೆಯ ಮೇಲೆ ದಾತೃವಿನ ನಾಮಫಲಕಕ್ಕೂ ಸ್ಥಳವಿರುತ್ತದೆ. (ಕೆಲವು ಫಲಕಗಳು ಕಿಟಕಿಗಿಂತ ದೊಡ್ಡವಾಗಿರುವುದನ್ನು ನಾನು ಕಂಡಿದ್ದೇನೆ.) ನಡುರಾತ್ರಿಯಲ್ಲಿ ಬೇನೆ ಎದ್ದ ಬಸುರಿಯೊಬ್ಬಳನ್ನು ಉಟ್ಕೂರಿನ ಕಡೆಯ ಹಳ್ಳಿಯೊಂದರಿಂದ ಸಕಾಲಕ್ಕೆ ಆಸ್ಪತ್ರೆಗೆ ಮುಟ್ಟಿಸಿದವನಿಗೆ ಅಂಥ ಫಲಕ ಯಾವುದೂ ಇಲ್ಲ.

ಸರ್ಕಾರಗಳು ಕೈಕಟ್ಟಿ ಕುಳಿತಿವೆಯೆಂದು ಇದರ ಅರ್ಥವಲ್ಲ. 2018–20ರ ಮಾದರಿ ನೋಂದಣಿಯ ಪ್ರಕಾರ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಮರಣವು ದೇಶದಲ್ಲಿ 97, ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43. ಕರ್ನಾಟಕದಲ್ಲಿ ತಾಯಿ ಕಾರ್ಡೂ ಮಡಿಲು ಕಿಟ್ಟೂ ಬಂದವು. ತೆಲಂಗಾಣದಲ್ಲಿ 2017ರಿಂದ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವಳಿಗೆ ಕೆಸಿಆರ್ ಕಿಟ್ಟಿನ ಜೊತೆಗೆ ಗಂಡುಮಗುವಾದರೆ 12 ಸಾವಿರ, ಹೆಣ್ಣುಮಗುವಾದರೆ 13 ಸಾವಿರ ರೂಪಾಯಿಯ ನೆರವೂ ಗೊತ್ತಾಯಿತು. ಒಳ್ಳೆಯ ಕೆಲಸಗಳೇ ಸರಿ. ಆದರೆ ಇವೆಲ್ಲವೂ ರಾಜ್ಯದ ಎಲ್ಲೆಯಲ್ಲಿ ಬಂದು ನಿಲ್ಲುತ್ತವೆ. ನಮ್ಮ ಸೀಮೆಯ ಸಂಸಾರ ಅಲ್ಲಿ ನಿಲ್ಲುವುದಿಲ್ಲ.

ಗದ್ವಾಲ, ಆಲಂಪುರಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ನಕ್ಷೆಯಲ್ಲಿ ಗೆರೆ ಬಿದ್ದುದರಿಂದ ನೆಂಟಸ್ತಿಕೆಗಳು ಕಡಿದುಹೋಗಲಿಲ್ಲ. ರಾಯಚೂರು, ಯಾದಗಿರಿಗಳ ಕಡೆಯಿಂದ ಸೊಸೆಯಾಗಿ ಇತ್ತ ಬಂದವಳು ಕುಬಸದ ಶಾಸ್ತ್ರ ಮುಗಿದೊಡನೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೊರಡುತ್ತಾಳೆ. ಇಲ್ಲಿಂದ ಅತ್ತ ಹೋದವಳು ಇತ್ತ ಬರುತ್ತಾಳೆ. ಆರು ತಿಂಗಳು ಒಂದು ರಾಜ್ಯದ ಆಶಾ ಕಾರ್ಯಕರ್ತೆ ಬರೆದಿಟ್ಟ ರಕ್ತದ ಪ್ರಮಾಣ, ತೂಕ, ಚುಚ್ಚುಮದ್ದಿನ ವಿವರಗಳು ಒಂದು ಲಿಪಿಯಲ್ಲಿರುತ್ತವೆ. ಹೆರಿಗೆ ಮಾಡಿಸುವ ದಾದಿ ಓದಬಲ್ಲುದು ಇನ್ನೊಂದು ಲಿಪಿ. ಧನಸಹಾಯದ ಅರ್ಜಿಯು ಯಾವ ಕಚೇರಿಗೆ ಸಲ್ಲತಕ್ಕದ್ದೆಂಬ ವಿಚಾರಣೆಯಲ್ಲಿಯೇ ಬಾಣಂತನ ಮುಗಿಯುತ್ತದೆ. ದುಡಿಮೆಗಾಗಿ ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ, ಪಾಲಮೂರೆಂದು ಕರೆಯುವ ನಮ್ಮ ಸೀಮೆಯ ಕೂಲಿಯವರ ಹೆಂಡಂದಿರ ಪಾಡಂತೂ ಇದಕ್ಕಿಂತ ಕಷ್ಟ.

ಧರ್ಮಸಂಸ್ಥೆಗಳಿಗೆ ವಿಶೇಷವಾದ ಅಧಿಕಾರವೂ ವಿಶೇಷವಾದ ಹೊಣೆಯೂ ಉಂಟೆಂದು ನಾನು ತಿಳಿಯುವುದು ಈ ಸ್ಥಳದಲ್ಲಿಯೇ. ಮಂತ್ರಾಲಯವಿರುವುದು ಆಂಧ್ರದಲ್ಲಿ, ಅಲ್ಲಿಗೆ ನಡೆದುಕೊಳ್ಳುವ ಭಕ್ತರಲ್ಲಿ ಕನ್ನಡಿಗರು ಅಸಂಖ್ಯ. ಕೃಷ್ಣೆಯ ನಡುಗಡ್ಡೆಯಾದ ಕುರವಪುರಕ್ಕೆ ಎರಡೂ ದಡದವರು ತೆಪ್ಪ ಹತ್ತುತ್ತಾರೆ. ಕಲಬುರಗಿಯ ಶರಣಬಸವೇಶ್ವರರ ದಾಸೋಹದಲ್ಲಿಯಾಗಲಿ ಬಂದೇನವಾಜರ ದರ್ಗಾದಲ್ಲಿಯಾಗಲಿ ಉಣ್ಣಲು ಕುಳಿತವನ ಪಡಿತರ ಚೀಟಿಯನ್ನು ಯಾರೂ ಕೇಳುವುದಿಲ್ಲ. ಯಾದಗಿರಿಯ ಮೆಥೋಡಿಸ್ಟರ ಹೋಲ್‌ಸ್ಟನ್ ಆಸ್ಪತ್ರೆಯಾಗಲಿ, ಜಡಚರ್ಲದ ಮೆನೊನೈಟ್ ಬ್ರೆದರನ್ ಆಸ್ಪತ್ರೆಯಾಗಲಿ ಈಗಿನ ಗಡಿಗಳನ್ನು ಎಣಿಸಿ ಹುಟ್ಟಿದವಲ್ಲ. ಆ ಮೆನೊನೈಟ್ ಕ್ರೈಸ್ತ ಪಂಗಡದ ವೈದ್ಯೆ ಕ್ಯಾಥರೀನಾ ಶೆಲೆನ್‌ಬರ್ಗ್ 1907ರಲ್ಲಿ ಈ ದೇಶಕ್ಕೆ ಬಂದು, ನಿಜಾಮರ ಸೀಮೆಯ ಶಂಷಾಬಾದಿನಲ್ಲಿ ಹೆಂಗಸರಿಗೂ ಮಕ್ಕಳಿಗೂ ಮದ್ದು ಕೊಡುತ್ತ 1945ರಲ್ಲಿ ಇಲ್ಲಿಯೇ ತೀರಿಕೊಂಡರು. ಮೈಸೂರಿನಲ್ಲಿ ಜನ ‘ಮಿಷನ್ ಆಸ್ಪತ್ರೆ’ಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ 1906ರಲ್ಲಿ ಹೆಂಗಸರಿಗಾಗಿ, ಮಕ್ಕಳಿಗಾಗಿಯೇ ತೆರೆದುದು. ಪರಪುರುಷನಾದ ವೈದ್ಯನಿಗೆ ಮೈ ತೋರಿಸಲೊಲ್ಲದೆ ಪ್ರಾಣವನ್ನೇ ನೀಗುತ್ತಿದ್ದ ಹೆಂಗಸರಿದ್ದ ಕಾಲವದು.

ಮದ್ದಿನ ಹಿಂದೆ ಮತಾಂತರದ ಆಶೆಯಿತ್ತಲ್ಲವೆ ಎಂದು ಕೇಳುವವರುಂಟು. ಇತ್ತು, ಮಿಷನರಿಗಳು ಅದನ್ನು ಮುಚ್ಚಿಟ್ಟವರೂ ಅಲ್ಲ. ಸೇವೆಗೆ ಶ್ರದ್ಧೆಯನ್ನು ಬೆಲೆಯಾಗಿ ಕೇಳುವುದು ಅನುಚಿತವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಈ ಆಕ್ಷೇಪವನ್ನು ಗಟ್ಟಿಯಾಗಿ ಎತ್ತುವವರು, ಅದೇ ಕಾಲದಲ್ಲಿ ನಮ್ಮ ಶ್ರೀಮಂತ ದೇವಾಲಯಗಳು ಎಷ್ಟು ಸೂತಿಕಾಗೃಹಗಳನ್ನು ಕಟ್ಟಿಸಿದುವೆಂದೂ ಒಮ್ಮೆ ಲೆಕ್ಕ ಹಾಕಲಿ. ಅದಕ್ಕಿಂತಲೂ ಭಾರವಾದ ಋಣವೊಂದು ಈ ಸೀಮೆಯ ಮೇಲಿದೆ. ದೇವರ ಹೆಸರಿನಲ್ಲಿ ದಲಿತರ ಹೆಣ್ಣುಮಕ್ಕಳನ್ನು ಜೋಗಿನಿಯರಾಗಿ ಬಿಡುವ ಪದ್ಧತಿಗೆ ಉಟ್ಕೂರು, ಮಕ್ತಲಗಳ ಹೆಸರು ಕೆಟ್ಟುಹೋಗಿತ್ತು. ಕರ್ನಾಟಕ 1982ರಲ್ಲಿಯೂ ಆಂಧ್ರಪ್ರದೇಶ 1988ರಲ್ಲಿಯೂ ಕಾನೂನು ತಂದು ಅದನ್ನು ನಿಷೇಧಿಸಬೇಕಾಯಿತು. ಕಾನೂನು ಬಂದ ಮೇಲೂ ಆ ತಾಯಂದಿರು ಉಳಿದರು, ತಂದೆಯ ಹೆಸರಿಲ್ಲದ ಅವರ ಮಕ್ಕಳೂ ಉಳಿದರು. ಧರ್ಮದ ಹೆಸರಿನಲ್ಲಿ ಆದ ಈ ಗಾಯಕ್ಕೆ ಧರ್ಮದ ಬೊಕ್ಕಸದಿಂದ ಮದ್ದು ಬರುವುದು ನ್ಯಾಯವೇ ಸರಿ.

ನಾನು ಬೇಡುವುದು ದೊಡ್ಡದೇನೂ ಅಲ್ಲ. ರಾಯಚೂರಿನ ದೊಡ್ಡಾಸ್ಪತ್ರೆಯ ಸಮೀಪದಲ್ಲಿಯೂ ನಾರಾಯಣಪೇಟೆಯಲ್ಲಿಯೂ, ದಿನ ತುಂಬಿದ ಬಸುರಿಯು ತಾಯಿಯೊಡನೆ ಹತ್ತು ದಿನ ಮೊದಲೇ ಬಂದು ತಂಗಬಹುದಾದ ಒಂದೊಂದು ಛತ್ರವಿರಲಿ. ಮಠದವರು ಊಟ ನೋಡಿಕೊಳ್ಳಲಿ, ಚರ್ಚಿನವರು ದಾದಿಯನ್ನು ಕೊಡಲಿ, ದರ್ಗಾದವರು ರಾತ್ರಿಯ ವಾಹನವನ್ನು ಓಡಿಸಲಿ. ಎದುರುಬದುರು ಪುಟಗಳಲ್ಲಿ ಕನ್ನಡವೂ ತೆಲುಗೂ ಇರುವ ಸಣ್ಣ ಪುಸ್ತಕವೊಂದನ್ನು ಅಚ್ಚುಹಾಕಿಸಿ, ಗಡಿಯ ಇತ್ತಲಿನ, ಅತ್ತಲಿನ ಆಶಾ ಕಾರ್ಯಕರ್ತೆಯರಿಗೆ ಹಂಚಲಿ. ಅದರಲ್ಲಿ ಬಸುರಿಯ ಹೆಸರು, ಊರು, ರಕ್ತದ ಗುಂಪು, ಹಿಂದಿನ ಹೆರಿಗೆಗಳ ವಿವರ ಇಷ್ಟಿದ್ದರೆ ಸಾಕು. ಗಂಡನ ಹೆಸರಿಗೆಂದು ಗೆರೆ ಎಳೆಯಬೇಕಾದುದಿಲ್ಲ.