ಗೌರಿ ಹತ್ಯೆಯ ದೃಶ್ಯ: ಅನುಮಾನ ಇರಬೇಕಾದದ್ದು ಎಲ್ಲಿ?

ಬೆಳಗಾವಿ: ನಗರದಿಂದ ಹೊರಟು ಖಾನಾಪುರ ತಾಲೂಕಿನ ಜಾಂಬೋಟಿ ದಾಟಿದರೆ ಚೋರ್ಲಾ ಘಾಟಿನ ದಾರಿ. ಗೋವಾಕ್ಕೆ ಹೋಗಿಬರುವವರಿಗೆಲ್ಲ ಪರಿಚಿತವಾದ ದಟ್ಟ ಕಾಡು ಅದು. ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯ ಆರೋಪಿಗಳು ಗುಂಡು ಹಾರಿಸುವ ತರಬೇತಿ ಪಡೆದದ್ದು ಈ ಭಾಗದಲ್ಲಿಯೇ ಎಂಬುದು ವಿಶೇಷ ತನಿಖಾ ತಂಡದ ವಾದ. 2018ರಲ್ಲಿ ಬೆಳಗಾವಿಯವರೊಬ್ಬರ ಬಂಧನವೂ ಆಯಿತು.

ಆದರೆ ಈ ಪ್ರಕರಣವೆಂದೊಡನೆ ಜನರ ಕಣ್ಣ ಮುಂದೆ ಬರುವುದು ಖಾನಾಪುರದ ಕಾಡಲ್ಲ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಸಿಸಿಟಿವಿಯಲ್ಲಿ ದಾಖಲಾದ ಕೆಲವೇ ಕ್ಷಣಗಳ ದೃಶ್ಯ. ಹೆಲ್ಮೆಟ್ ಧರಿಸಿದ ಒಂದು ಆಕೃತಿ, ಗುಂಡಿನ ಹೊಡೆತ, ಅಷ್ಟೇ. ಮುಖವೇ ಕಾಣದ ಈ ದೃಶ್ಯವನ್ನು ನ್ಯಾಯಾಲಯ ಎಷ್ಟರ ಮಟ್ಟಿಗೆ ನಂಬಬಹುದು? ಅದು ಮೊದಲು ದಾಖಲಾದಂತೆಯೇ ಉಳಿದಿದೆಯೇ? ಇಂಥ ಪ್ರಶ್ನೆ ಕೇಳುವುದು ಆರೋಪಿಗಳ ಹಕ್ಕು. ಅದನ್ನು ದ್ರೋಹವೆಂದು ಬಗೆಯಬೇಕಾಗಿಲ್ಲ.

ಇದೇ ಪ್ರಶ್ನೆಯನ್ನು ಅಮೆರಿಕ ಆರು ದಶಕಗಳಿಂದ ಕೇಳಿಕೊಳ್ಳುತ್ತಿದೆ. 1963ರ ನವೆಂಬರ್ 22ರಂದು ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಯನ್ನು ಉಡುಪು ವ್ಯಾಪಾರಿ ಅಬ್ರಹಾಂ ಝಪ್ರೂಡರ್ ತಮ್ಮ 8 ಎಂಎಂ ಕ್ಯಾಮೆರಾದಲ್ಲಿ ಸೆರೆಹಿಡಿದರು. ಸುಮಾರು 26 ಸೆಕೆಂಡುಗಳ ಆ ಸುರುಳಿಯಲ್ಲಿರುವುದು 486 ಚೌಕಟ್ಟುಗಳು. ಅದನ್ನು ತಿದ್ದಲಾಗಿದೆ ಎಂಬ ವಾದಕ್ಕೆ ಪುಷ್ಟಿ ನೀಡಿದ್ದು ಕೈಚಳಕಕ್ಕಿಂತ ಹೆಚ್ಚಾಗಿ ಅಜಾಗರೂಕತೆ. ಲೈಫ್ ಪತ್ರಿಕೆಯ ವಶದಲ್ಲಿದ್ದಾಗ ಕೆಲವು ಚೌಕಟ್ಟುಗಳು ಹಾಳಾದವು. ವಾರೆನ್ ಆಯೋಗದ ಸಂಪುಟದಲ್ಲಿ 314 ಮತ್ತು 315ನೇ ಚೌಕಟ್ಟುಗಳು ಅದಲು ಬದಲಾಗಿ ಮುದ್ರಣಗೊಂಡು, ಗುಂಡು ತಗುಲಿದ ತಲೆ ಚಲಿಸಿದ ದಿಕ್ಕೇ ತಿರುಗಿದಂತೆ ತೋರಿತು. ಅದು ಮುದ್ರಣದೋಷವೆಂದು ಎಫ್‌ಬಿಐ ಸಮಜಾಯಿಷಿ ನೀಡಿದರೂ ಸಂಶಯ ಅಳಿಯಲಿಲ್ಲ. ವಾದವನ್ನು ಬಹುಮಟ್ಟಿಗೆ ತಣಿಸಿದ್ದು ಹತ್ಯೆಯ ದಿನವೇ ಸುರುಳಿಯಿಂದ ತೆಗೆದಿದ್ದ ಮೂರು ಪ್ರತಿಗಳು. ಹಾಳಾದ ಚೌಕಟ್ಟುಗಳು ಅವುಗಳಲ್ಲಿ ಉಳಿದಿದ್ದವು. ಕೊಡಾಕ್‌ನ ನಿವೃತ್ತ ತಜ್ಞ ರೋಲಂಡ್ ಝವಾಡಾ 1998ರಲ್ಲಿ ಸುರುಳಿಯ ಭೌತಿಕ ಲಕ್ಷಣಗಳನ್ನೇ ಪರೀಕ್ಷಿಸಿ, ಅದು ಕ್ಯಾಮೆರಾದೊಳಗೆ ಓಡಿದ ಮೂಲ ಸುರುಳಿಯೇ ಎಂಬ ನಿರ್ಣಯಕ್ಕೆ ಬಂದರು.

ಮನೆಯ ಸಿಸಿಟಿವಿಗೆ ಸುರುಳಿ ಎಲ್ಲಿಂದ ಬರಬೇಕು? ಅಲ್ಲಿರುವುದು ಡಿವಿಆರ್ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕ್ ಮಾತ್ರ. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುತ್ತದೆ. ಪೆಟ್ಟಿಗೆಯ ಗಡಿಯಾರ ಹಿಂದೆಮುಂದೆ ಇರುವುದೂ ಉಂಟು. ದೃಶ್ಯವನ್ನು ಹೊರತೆಗೆದು ಬೇರೆ ರೂಪಕ್ಕೆ ಪರಿವರ್ತಿಸುವಾಗ ಚೌಕಟ್ಟುಗಳು ಬಿಟ್ಟುಹೋಗಬಹುದು. ಯಾರೂ ತಿದ್ದದೆಯೂ ದೃಶ್ಯ ಬದಲಾಗುವ ಬಗೆ ಇದು. ಟಿವಿ ವಾಹಿನಿಗಳಲ್ಲಿ ಹತ್ತಾರು ಬಾರಿ ಕುಗ್ಗಿ ಹಿಗ್ಗಿದ ತುಣುಕನ್ನು ನೋಡಿ 'ಇಲ್ಲಿ ಕತ್ತರಿ ಬಿದ್ದಿದೆ' ಎನ್ನುವವರು ಮೂಲವನ್ನು ನೋಡಿದವರಲ್ಲ.

ಗೌರಿ ಪ್ರಕರಣದಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ಆರೋಪಿಯಿಂದ ಘಟನೆಯನ್ನು ಮರುಸೃಷ್ಟಿಸಿ ಚಿತ್ರೀಕರಿಸಿಕೊಂಡ ತನಿಖಾ ತಂಡ, ಅದನ್ನು ಸಿಸಿಟಿವಿ ದೃಶ್ಯದೊಂದಿಗೆ ಹೋಲಿಸಲು ಗಾಂಧಿನಗರದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿತು. ಇಬ್ಬರ ನಡಿಗೆಯ ಭಂಗಿ ಹೊಂದುತ್ತದೆ ಎಂಬುದು ಬಂದ ವರದಿ. ನಡಿಗೆಯ ಲೆಕ್ಕಾಚಾರ ನಿಂತಿರುವುದೇ ಚೌಕಟ್ಟುಗಳ ಅಂತರದ ಮೇಲೆ. ನಡುವೆ ನಾಲ್ಕು ಚೌಕಟ್ಟು ಕಳೆದುಹೋದರೆ ಹೆಜ್ಜೆಯ ಉದ್ದ, ಕೈಬೀಸಿನ ವೇಗ ಎರಡೂ ಬೇರೆಯೇ ಆಗಿ ಕಾಣಬಹುದು. ಆದ್ದರಿಂದ ಪಾಟೀಸವಾಲು ನಡೆಯಬೇಕಾದದ್ದು ಚಿತ್ರದಲ್ಲಿನ ನೆರಳು ಬೆಳಕಿನ ಬಗ್ಗೆ ಅಲ್ಲ. ಪೆಟ್ಟಿಗೆಯನ್ನು ಯಾರು ವಶಪಡಿಸಿಕೊಂಡರು, ಎಂದು ಮೊಹರು ಮಾಡಿದರು, ಪ್ರತಿ ತೆಗೆದವರು ಯಾರು, ಪ್ರಯೋಗಾಲಯ ತಲುಪುವವರೆಗೆ ಅದು ಎಲ್ಲಿತ್ತು ಎಂಬುದರ ಬಗ್ಗೆ.

ಕಾನೂನೂ ಇದೇ ದಾರಿಯಲ್ಲಿದೆ. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಸಾಕ್ಷ್ಯ ಕಾಯ್ದೆಯ 65 ಬಿ ಪ್ರಮಾಣಪತ್ರ ಕಡ್ಡಾಯವೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2020ರಲ್ಲಿ ಅದನ್ನೇ ದೃಢಪಡಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಮಾಣಪತ್ರದಲ್ಲಿ ಕಡತದ ಹ್ಯಾಷ್ ಮೌಲ್ಯವನ್ನೂ ನಮೂದಿಸಬೇಕು. ಇದು ಕಡತದ ಬೆರಳಚ್ಚು ಇದ್ದಂತೆ. ಒಂದು ಬಿಂದು ಬದಲಾದರೂ ಬೇರೆಯಾಗುತ್ತದೆ. ಆದರೆ ಆ ದಿನಾಂಕಕ್ಕೆ ಮುನ್ನವೇ ವಿಚಾರಣೆಯ ಹಂತದಲ್ಲಿದ್ದ ಪ್ರಕರಣಗಳಿಗೆ ಹಳೆಯ ಕಾಯ್ದೆಯೇ ಅನ್ವಯ. ಗೌರಿ ಪ್ರಕರಣದ ವಿಚಾರಣೆ ಆರಂಭವಾದದ್ದು 2022ರ ಜುಲೈನಲ್ಲಿ.

ತಿದ್ದುವಿಕೆಗಿಂತ ದೊಡ್ಡ ಅಪಾಯ ಇನ್ನೊಂದಿದೆ. 1991ರಲ್ಲಿ ರಾಜೀವ್ ಗಾಂಧಿ ಹತ್ಯೆಯಾದಾಗ, ಸ್ಥಳದಲ್ಲೇ ಸತ್ತ ಛಾಯಾಗ್ರಾಹಕ ಹರಿಬಾಬುವಿನ ಕ್ಯಾಮೆರಾದಲ್ಲಿ ಉಳಿದ ಚಿತ್ರಗಳು ತನಿಖೆಗೆ ದಾರಿ ತೋರಿದವು. ಅದೇ ಸಭೆಯ ವಿಡಿಯೊ ಟೇಪೊಂದು ಗುಪ್ತಚರ ದಳದ ಕೈಸೇರಿ, ತನಿಖಾ ತಂಡಕ್ಕೆ ದೊರಕಲೇ ಇಲ್ಲವೆಂದು ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಘೋತ್ತಮನ್ 2012ರ ತಮ್ಮ ಪುಸ್ತಕದಲ್ಲಿ ಆರೋಪಿಸಿದರು.

ಗೌರಿ ಪ್ರಕರಣದ ಸಾಕ್ಷಿಗಳ ಪಟ್ಟಿಯಲ್ಲಿರುವವರು ಐನೂರಕ್ಕೂ ಹೆಚ್ಚು. ದೃಶ್ಯ ನೈಜವೆಂದೇ ಸಾಬೀತಾದರೂ ಅದು ತೋರಿಸುವುದು ಹೆಲ್ಮೆಟ್ಟನ್ನು ಮಾತ್ರ. ಆ ಹೆಲ್ಮೆಟ್ಟಿನೊಳಗಿನ ತಲೆಗೂ ಜಾಂಬೋಟಿಯ ಕಾಡಿಗೂ ಇರುವ ನಂಟನ್ನು ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಬೇಕಾದವರು ಮನುಷ್ಯರೇ.