ಅರ್ಧ ಗಂಟೆಯ ಭವಿಷ್ಯ

‘ಈ ಬಾಗಿಲು ತೆಗೆದ್ರೆ ಒಳ್ಳೇದಾಗುತ್ತಾ?’ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ಕ್ಲೆರಿಕ್ ಆದವರಿಗೆ, ಅಂದ್ರೆ ದೇವರ ಬಲದಿಂದ ಮಂತ್ರ ಹಾಕುವ ಪೂಜಾರಿ ಪಾತ್ರದವರಿಗೆ, ಈ ಪ್ರಶ್ನೆ ತಪ್ಪಿದ್ದಲ್ಲ. ಉತ್ತರಕ್ಕೆ ಅವರ ಹತ್ತಿರ ‘ಆಗುರಿ’ ಅನ್ನೋ ಮಂತ್ರ ಇದೆ. ಹಕ್ಕಿಗಳ ಹಾರಾಟ ನೋಡಿ ಶಕುನ ಹೇಳುತ್ತಿದ್ದ ಪ್ರಾಚೀನ ರೋಮ್‌ನ ‘ಆಗುರ್’ಗಳಿಂದ ಬಂದ ಹೆಸರು.

2014ರ ಐದನೇ ಆವೃತ್ತಿಯ ನಿಯಮ ಹೀಗಿದೆ: 25 ಚಿನ್ನದ ನಾಣ್ಯ ಬೆಲೆಯ ಗುರುತು ಹಾಕಿದ ಕಡ್ಡಿ ಅಥವಾ ಮೂಳೆ ಬೇಕು. ಮುಂದಿನ 30 ನಿಮಿಷದಲ್ಲಿ ಮಾಡಲಿರುವ ಒಂದು ಕೆಲಸದ ಬಗ್ಗೆ ಕೇಳಬಹುದು. ಬರೋ ಉತ್ತರ ನಾಲ್ಕೇ: ಒಳಿತು, ಕೆಡುಕು, ಎರಡೂ, ಏನೂ ಇಲ್ಲ.

ಇಷ್ಟೇನಾ ಅನ್ನಬೇಡಿ. ಆಟದಲ್ಲಿ ದೇವರ ಪರವಾಗಿ ಉತ್ತರ ಹೇಳೋದು ಕಥೆ ನಡೆಸುವ ಡಂಜನ್ ಮಾಸ್ಟರ್. ದಾಳ ಇನ್ನೂ ಉರುಳಿಲ್ಲ, ಹಾಗಾಗಿ ಜಗಳದಲ್ಲಿ ಯಾರು ಗೆಲ್ತಾರೆ ಅಂತ ಅವರಿಗೂ ಗೊತ್ತಿಲ್ಲ. ಗೊತ್ತಿರೋದು ಬಾಗಿಲ ಹಿಂದೆ ಏನಿದೆ ಅನ್ನೋದು ಮಾತ್ರ. ಉತ್ತರ ಇಷ್ಟು ಚಿಕ್ಕದಿದ್ರೆ ಅವರೂ ಸುಳ್ಳು ಹೇಳದೆ ಪಾರಾಗಬಹುದು!

ನಿಜವಾದ ಅಪಾಯ ಇರೋದು ಆ 30 ನಿಮಿಷದಲ್ಲಿ. ರಾಜ ಸಂಧಿಗೆ ಕರೆದಿದ್ದಾನೆ ಅಂದುಕೊಳ್ಳಿ. ‘ಹೋಗೋಣವಾ?’ ಅಂತ ಕೇಳ್ತೀರಿ. ‘ಒಳಿತು’ ಅಂತ ಬರುತ್ತೆ. ಹೋಗ್ತೀರಿ, ಊಟ ಭರ್ಜರಿ, ಮರ್ಯಾದೆ ಬೇರೆ. ಬೆಳಗಿನ ಜಾವ ಮಲಗಿದ್ದಲ್ಲೇ ಕತ್ತಿಗೆ ಬಲಿ. ದೇವರು ಸುಳ್ಳು ಹೇಳಿಲ್ಲ, ನೀವು ಕೇಳಿದ್ದು ಅರ್ಧ ಗಂಟೆಯದ್ದು. ಇಂಥ ಕಡೆ ಏಳನೇ ಲೆವೆಲ್‌ಗೆ ಸಿಗೋ ‘ಡಿವಿನೇಷನ್’ ಬೇಕು. ಅದು ಏಳು ದಿನದೊಳಗಿನ ವಿಷಯ ಹೇಳುತ್ತೆ, ಆದ್ರೆ ಪ್ರತಿ ಸಲ 25 ನಾಣ್ಯದ ಧೂಪ, ನೈವೇದ್ಯ ಖರ್ಚು.

ಇನ್ನೊಂದು: ಕೇಳಿದ ಮೇಲೆ ಪರಿಸ್ಥಿತಿ ಬದಲಾದ್ರೆ ಆ ಉತ್ತರಕ್ಕೆ ಬೆಲೆ ಇಲ್ಲ. ಅದೇ ಲಾಭ ಕೂಡ. ‘ಸೇತುವೆ ದಾಟೋಣವಾ?’ ಅನ್ನೋದಕ್ಕಿಂತ ‘ಐದೂ ಜನ ಒಟ್ಟಿಗೆ ದಾಟಿದ್ರೆ?’ ಅಂತ ಕೇಳಿ. ‘ಕೆಡುಕು’ ಬಂತಾ? ಒಬ್ಬೊಬ್ಬರಾಗಿ ದಾಟಿ ನೋಡಬಹುದು.

ನನಗೆ ತುಂಬಾ ಇಷ್ಟವಾದ ನಿಯಮ ಕೊನೇದು. ಬೇಕಾದ ಉತ್ತರ ಬರೋವರೆಗೂ ಕೇಳ್ತಾ ಕೂರೋ ಚಾಳಿ ಯಾರಿಗಿಲ್ಲ ಹೇಳಿ? ಪೂರ್ತಿ ವಿಶ್ರಾಂತಿ ಪಡೆಯದೆ ಎರಡನೇ ಸಲ ಕೇಳಿದ್ರೆ ಶೇ 25ರಷ್ಟು ಸಾಧ್ಯತೆಯಲ್ಲಿ ಬಾಯಿಗೆ ಬಂದ ಉತ್ತರ ಸಿಗುತ್ತೆ, ಮೂರನೇ ಸಲ ಶೇ 50, ನಾಲ್ಕಕ್ಕೆ ಶೇ 75. ಆ ದಾಳವನ್ನು ಡಂಜನ್ ಮಾಸ್ಟರ್ ಗುಟ್ಟಾಗಿ ಹಾಕ್ತಾರೆ, ಆದ್ದರಿಂದ ಸಿಕ್ಕಿದ್ದು ದೇವರ ಮಾತೋ ದಾಳದ ಮಾತೋ ನಿಮಗೆ ತಿಳಿಯೋದಿಲ್ಲ.

ಈ ವಾರಾಂತ್ಯ ನೀವೇ ಆಟ ನಡೆಸೋರಾದ್ರೆ ಒಂದು ಕಿವಿಮಾತು: ಮೊದಲ ಸಲ ಕೇಳಿದಾಗಲೂ ಪರದೆ ಹಿಂದೆ ಸುಮ್ಮನೆ ಒಂದು ದಾಳ ಉರುಳಿಸಿ. ಸದ್ದು ಕೇಳಿದ್ರೆ ಸಾಕು.