‘ಮೂಲ ಧಾಟಿ’ ಎಂಬ ಕಟ್ಟಳೆ ಯಾರದು?

ನಮ್ಮ ಭಾಗದ ಗೀತಗಾಯನ ಸ್ಪರ್ಧೆಗಳ ನಿಯಮಪತ್ರಿಕೆಗಳಲ್ಲಿ ಕೆಲವು ವರ್ಷಗಳಿಂದ ಒಂದು ವಾಕ್ಯ ಕಾಣಿಸಿಕೊಳ್ಳುತ್ತಿದೆ: ತತ್ವಪದಗಳನ್ನು ಮೂಲ ಧಾಟಿಯಲ್ಲಿಯೇ ಹಾಡತಕ್ಕದ್ದು. ನೋಡುವುದಕ್ಕೆ ನಿರುಪದ್ರವಿ ವಾಕ್ಯ. ಪರಂಪರೆಯ ಮೇಲೆ ಗೌರವವುಳ್ಳವರು ಬರೆದದ್ದೆಂದೇ ತೋರುತ್ತದೆ. ಆದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ಪದಗಾಯನದ ಪರಂಪರೆಗೆ ಇದಕ್ಕಿಂತ ಹೆಚ್ಚು ಹಾನಿ ಮಾಡುವ ಇನ್ನೊಂದು ವಾಕ್ಯವನ್ನು ನಾನು ಕಂಡಿಲ್ಲ. ಇದನ್ನು ನಿಯಮಾವಳಿಯಿಂದ ಕಿತ್ತುಹಾಕಬೇಕೆಂಬುದೇ ನನ್ನ ವಾದ.

ಮೂಲ ಧಾಟಿ ಎಂದರೆ ಯಾವುದು? ಶಿಶುನಾಳ ಶರೀಫ ಸಾಹೇಬರ ಪದಗಳ ಮಟ್ಟಿಗೆ ಸ್ಪರ್ಧೆಯ ವ್ಯವಸ್ಥಾಪಕರನ್ನು ಕೇಳಿ ನೋಡಿ. ಅವರು ಮೊಬೈಲು ತೆಗೆದು ಸಿ. ಅಶ್ವತ್ಥರ ಧ್ವನಿಯನ್ನೋ ಶಿವಮೊಗ್ಗ ಸುಬ್ಬಣ್ಣನವರ ಧ್ವನಿಯನ್ನೋ ಕೇಳಿಸುತ್ತಾರೆ. ಶರೀಫರು ಹುಟ್ಟಿದ್ದು 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ, ತೀರಿಕೊಂಡದ್ದು 1889ರಲ್ಲಿ. ಭಾರತದಲ್ಲಿ ಹಾಡುಗಳ ಧ್ವನಿಮುದ್ರಣ ಮಾಡಿ ತಟ್ಟೆಗಳನ್ನು ತಯಾರಿಸುವ ಕೆಲಸ ಕಲಕತ್ತೆಯಲ್ಲಿ ಆರಂಭವಾದದ್ದು 1902ರಲ್ಲಿ. ಅಶ್ವತ್ಥರು ಹುಟ್ಟಿದ್ದು 1939ರಲ್ಲಿ, ಅಂದರೆ ಶರೀಫರು ಕಾಲವಾಗಿ ಐವತ್ತು ವರ್ಷಗಳಾದ ಮೇಲೆ. ಶರೀಫರ ಕಂಠವನ್ನು ಯಾವ ಯಂತ್ರವೂ ಹಿಡಿದಿಡಲಿಲ್ಲ. ಅವರ ಮಟ್ಟುಗಳನ್ನು ಸ್ವರಲಿಪಿಯಲ್ಲಿ ಬರೆದಿಡುವವರೂ ಆ ಬಯಲುಸೀಮೆಯ ಹಳ್ಳಿಗಳಲ್ಲಿ ಇರಲಿಲ್ಲ. ಹಾಗಿರುವಾಗ ಕ್ಯಾಸೆಟ್ಟಿನಲ್ಲಿ ಬಂದ ಧಾಟಿಗೆ ‘ಮೂಲ’ ಎಂಬ ಪಟ್ಟವನ್ನು ಕಟ್ಟಿದವರು ಯಾರು? ಅಶ್ವತ್ಥರಂತೂ ಕಟ್ಟಲಿಲ್ಲ. ಅವರು ರಾಗಸಂಯೋಜಕರೆಂದೇ ಕರೆಸಿಕೊಂಡವರು.

ಅಶ್ವತ್ಥರನ್ನು ಕಡೆಗಣಿಸುವುದಕ್ಕೆ ನಾನು ಹೊರಟಿಲ್ಲ. ತುಂಗಭದ್ರೆಯ ಆಚೆಗೆ ಶರೀಫರ ಹೆಸರನ್ನೇ ಅರಿಯದಿದ್ದ ಲಕ್ಷಾಂತರ ಮನೆಗಳಿಗೆ ಅವರ ಪದಗಳನ್ನು ಮುಟ್ಟಿಸಿದ್ದು ಆ ಕ್ಯಾಸೆಟ್ಟುಗಳು. ಪದಗಳನ್ನು ಆಯ್ದು ಬೆಳಕಿಗೆ ತಂದ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರಿಗೆ ಜನರು ‘ಶರೀಫ ಭಟ್ಟ’ ಎಂಬ ಹೆಸರನ್ನೇ ಕೊಟ್ಟರು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ತೆರೆಗೆ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ಅಭಿನಯಿಸಿದರು, ಸಂಗೀತ ಅಶ್ವತ್ಥರದೇ. ನಮ್ಮ ಶಾಲೆಯ ಮಕ್ಕಳು ಅದನ್ನು ಕಂಡು ಬಂದು ತಿಂಗಳುಗಟ್ಟಲೆ ಅದೇ ಹಾಡುಗಳನ್ನು ಗುನುಗಿದ್ದು ನನಗೆ ನೆನಪಿದೆ. ಇಷ್ಟೆಲ್ಲ ಉಪಕಾರ ಸತ್ಯ. ಆದರೆ ಒಬ್ಬ ದೊಡ್ಡ ಗಾಯಕ ತೋರಿಸಿದ ದಾರಿಯನ್ನು ಏಕೈಕ ದಾರಿಯೆಂದು ಬೇಲಿ ಹಾಕುವುದು ಆ ಗಾಯಕನ ಕೆಲಸವಲ್ಲ, ಅಭಿಮಾನಿಗಳ ಕೆಲಸ.

ಈ ಅಭಿಮಾನಿಗಳಲ್ಲಿ ಈಗ ಎರಡು ಪಂಗಡಗಳಾಗಿವೆ. ರಘು ದೀಕ್ಷಿತ್ ಎಂಬ ಮೈಸೂರಿನ ಗಾಯಕರು ಶರೀಫರ ಗುಡುಗುಡಿಯ ಪದವನ್ನು ಗಿಟಾರು, ಪಿಟೀಲು, ಡ್ರಮ್ಮುಗಳೊಂದಿಗೆ ಹಾಡಿ ಇಂಗ್ಲೆಂಡಿನವರೆಗೆ ಒಯ್ದ ಮೇಲೆ ಈ ಜಗಳ ಕಾವೇರಿತು. ಹಿರಿಯರ ಪಂಗಡ ‘ಸಂತರ ಪದವನ್ನು ಕುಣಿತದ ಪದ ಮಾಡಿದರು, ಅಶ್ವತ್ಥರ ಗಾಂಭೀರ್ಯವೆಲ್ಲಿ’ ಎನ್ನುತ್ತದೆ. ಕಿರಿಯರ ಪಂಗಡ ‘ಕ್ಯಾಸೆಟ್ಟಿನ ಕಾಲ ಮುಗಿಯಿತು’ ಎನ್ನುತ್ತದೆ. ಮದುವೆಯ ಪಂಕ್ತಿಯಲ್ಲಿ, ಚಹಾದ ಅಂಗಡಿಯಲ್ಲಿ, ಈಗೀಗ ನಮ್ಮ ಸಂಘದ ಸಭೆಗಳಲ್ಲಿಯೂ ಈ ವಾದ ಕೇಳಿಬರುತ್ತದೆ. ಎರಡೂ ಪಂಗಡದವರು ಮರೆತ ಮಾತು ಒಂದೇ: ಇಬ್ಬರೂ ಹಾಡಿದ್ದು ಶರೀಫರ ಮರುಗಾಯನವನ್ನೇ. ಹಾರ್ಮೋನಿಯಂ, ತಬಲಾ, ಕೊಳಲುಗಳ ಮೇಳ ಸಂತರ ಕಾಲದ್ದು, ಗಿಟಾರು ಮಾತ್ರ ಹೊರಗಿನದು ಎಂಬ ಭೇದಕ್ಕೆ ಆಧಾರವೇನು? ಹಾರ್ಮೋನಿಯಮ್ಮೂ ಯುರೋಪಿನಿಂದ ಬಂದ ವಾದ್ಯವೇ. ನನ್ನ ಕಿವಿಗೆ ಗಿಟಾರಿನ ಗದ್ದಲ ಒಗ್ಗುವುದಿಲ್ಲ. ಅದು ನನ್ನ ವಯಸ್ಸಿನ ವಿಚಾರ, ಶರೀಫರ ವಿಚಾರವಲ್ಲ.

ಹಾಡನ್ನು ತಾನೇ ಕಟ್ಟಿ ತಾನೇ ಹಾಡುವವನಿಗೆ ನಮ್ಮ ಶಾಸ್ತ್ರದಲ್ಲಿ ವಾಗ್ಗೇಯಕಾರ ಎಂಬ ಹೆಸರಿದೆ. 2016ರಲ್ಲಿ ಅಮೆರಿಕದ ಬಾಬ್ ಡಿಲನ್ನರಿಗೆ ಸಾಹಿತ್ಯದ ನೊಬೆಲ್ ಬಂದಾಗ ‘ಹಾಡುಗಾರನೂ ಸಾಹಿತಿಯೇ?’ ಎಂದು ಜಗತ್ತೆಲ್ಲ ಬೆರಗುಪಟ್ಟಿತು. ಇದೇ ಮಹಾರಾಷ್ಟ್ರದ ದೇವಗಿರಿಯಲ್ಲಿ ಹದಿಮೂರನೆಯ ಶತಮಾನದಲ್ಲಿ ಕುಳಿತು ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವ ವಾಗ್ಗೇಯಕಾರನ ಲಕ್ಷಣವನ್ನು ಆಗಲೇ ಹೇಳಿಟ್ಟಿದ್ದ. ಹಾಡಿನ ಸಾಹಿತ್ಯಭಾಗ ಮಾತು, ಗೇಯಭಾಗ ಧಾತು. ಎರಡನ್ನೂ ಬಲ್ಲವನು ಉತ್ತಮ ವಾಗ್ಗೇಯಕಾರ. ಶರೀಫರ ವಿಷಯದಲ್ಲಿ ನಮಗೆ ಉಳಿದದ್ದು ಮಾತು. ಧಾತುವನ್ನು ಜನರು ತಮ್ಮ ತಮ್ಮ ಕಂಠಕ್ಕೆ ತಕ್ಕಂತೆ ಒಯ್ದರು. ಪುರಂದರದಾಸರ ಕಥೆಯೂ ಇದೇ: ಒಂದೇ ದೇವರನಾಮವನ್ನು ಧಾರವಾಡದವರು ಹಿಂದೂಸ್ತಾನಿ ರಾಗದಲ್ಲಿಯೂ ಮೈಸೂರಿನವರು ಕರ್ನಾಟಕ ರಾಗದಲ್ಲಿಯೂ ಹಾಡುತ್ತಾರೆ, ದಾಸರು ಯಾರ ಮೇಲೂ ಮುನಿದಂತಿಲ್ಲ.

‘ಹಾಗಾದರೆ ನಾಡಗೀತೆಗೆ ಒಂದೇ ಧಾಟಿಯನ್ನು ಸರ್ಕಾರ ನಿಗದಿ ಮಾಡಲಿಲ್ಲವೇ?’ ಎಂದು ಸಂಘದ ಮಿತ್ರರೊಬ್ಬರು ನನ್ನನ್ನು ಕೇಳಿದರು. ಮಾಡಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಅಶ್ವತ್ಥರ ಧಾಟಿಯೋ ಎಂಬ ವಿವಾದ ವರ್ಷಗಟ್ಟಲೆ ನಡೆದು, 2022ರಲ್ಲಿ ಕರ್ನಾಟಕ ಸರ್ಕಾರ ಅನಂತಸ್ವಾಮಿಯವರದನ್ನು ಒಪ್ಪಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಿ ಮುಗಿಸಬೇಕೆಂದು ಆದೇಶ ಹೊರಡಿಸಿತು. ಸಾವಿರ ಜನ ಎದ್ದುನಿಂತು ಏಕಕಂಠದಲ್ಲಿ ಹಾಡಬೇಕಾದ ಗೀತೆಗೆ ಅಂಥ ಕಟ್ಟಳೆ ಅವಶ್ಯಕ. ತತ್ವಪದ ನಾಡಗೀತೆಯಲ್ಲ. ಅದು ಅಮಾವಾಸ್ಯೆಯ ರಾತ್ರಿ ಮಠದ ಕಟ್ಟೆಯ ಮೇಲೆ, ಶ್ರಾವಣ ಸೋಮವಾರ ಬಸವಣ್ಣನ ಗುಡಿಯಲ್ಲಿ, ಸಾವಿನ ಮನೆಯಲ್ಲಿ ಹೆಣದ ಮುಂದೆ ಬೆಳಗಿನ ತನಕ ಹಾಡುವ ಪದ. ಸಾವಿನ ಮನೆಯಲ್ಲಿ ಹಾಡುವ ಲಯ ಜಾತ್ರೆಯಲ್ಲಿ ಹಾಡುವ ಲಯವಾಗಲಾರದು. ಏಕತಾರಿಯ ಶ್ರುತಿಗೆ ಮುದುಕನೊಬ್ಬ ಎಳೆದು ಹಾಡಿದ ಪದವನ್ನೇ ಮರುವಾರ ಹುಡುಗರ ಮೇಳ ತಾಳಕ್ಕೆ ತಕ್ಕಂತೆ ಓಡಿಸಿ ಹಾಡುತ್ತದೆ. ಈ ಸ್ವಾತಂತ್ರ್ಯವೇ ಅದನ್ನು ಇಷ್ಟು ಕಾಲ ಉಳಿಸಿದ್ದು.

ಕಟ್ಟಳೆಯ ಫಲವನ್ನು ಕಣ್ಣಾರೆ ಕಂಡದ್ದರಿಂದಲೇ ಇಷ್ಟು ಕಟುವಾಗಿ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಸ್ಪರ್ಧೆಯಲ್ಲಿ ನಾನು ಮೂವರು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ‘ಕೋಡಗನ ಕೋಳಿ’ಯ ಪದವನ್ನು ತನ್ನ ಅಜ್ಜನ ಭಜನಿ ಮೇಳದ ಮಟ್ಟಿನಲ್ಲಿ ಹಾಡಿದಳು. ನಿಧಾನದ ಲಯ, ಪ್ರತಿ ನುಡಿಯ ಕೊನೆಗೆ ಒಂದು ಎಳೆತ, ನಗೆಯ ಪದವೆಂದು ನಾವೆಲ್ಲ ತಿಳಿದಿದ್ದ ಆ ಒಗಟಿನಲ್ಲಿ ಒಂದು ಭಯವೂ ಇದೆಯೆಂಬುದು ಅಂದು ನನಗೆ ಹೊಳೆಯಿತು. ಉಳಿದ ಇಬ್ಬರು ತೀರ್ಪುಗಾರರು ಧಾಟಿಗೆಂದು ಮೀಸಲಿದ್ದ ಇಪ್ಪತ್ತು ಅಂಕಗಳಲ್ಲಿ ಮೂರನ್ನೂ ನಾಲ್ಕನ್ನೂ ಕೊಟ್ಟರು. ‘ಚೆನ್ನಾಗಿದೆ, ಆದರೆ ಮೂಲ ಧಾಟಿ ಅಲ್ಲ’ ಎಂಬುದು ಅವರ ಷರಾ. ನಾನು ಹದಿನೆಂಟು ಕೊಟ್ಟು ವಾದಿಸಿದೆ. ನಿಯಮ ನಿಯಮವೇ ಎಂದರು. ಕ್ಯಾಸೆಟ್ಟನ್ನು ಅಚ್ಚಾಗಿ ಅನುಕರಿಸಿದ, ಅಶ್ವತ್ಥರು ಉಸಿರೆಳೆದಲ್ಲಿಯೇ ಉಸಿರೆಳೆದ ಬಾಲಕನಿಗೆ ಪ್ರಥಮ ಬಹುಮಾನ ಸಂದಿತು. ಮರುವರ್ಷ ಆ ಹುಡುಗಿ ಬರಲಿಲ್ಲ. ಅವಳು ಮರಾಠಿ ಭಾವಗೀತೆಯ ಸ್ಪರ್ಧೆಗೆ ಹೆಸರು ಕೊಟ್ಟಳೆಂದು ಅವಳ ಶಿಕ್ಷಕಿ ತಿಳಿಸಿದರು.

ಗಡಿಯಲ್ಲಿ ಬಾಳುವ ನಮಗೆ ಇದು ಸಣ್ಣ ವಿಷಯವಲ್ಲ. ನಮ್ಮ ಮಕ್ಕಳಿಗೆ ಬೀದಿಯ ಭಾಷೆ, ಕಚೇರಿಯ ಭಾಷೆ, ಮುಂದಿನ ಓದಿನ ಭಾಷೆ ಯಾವುದೂ ಕನ್ನಡವಲ್ಲ. ಅಜ್ಜನ ಬಾಯಿಂದ ಬಂದ ಪದವೇ ಅನೇಕ ಮನೆಗಳಲ್ಲಿ ಉಳಿದ ಕೊನೆಯ ಕನ್ನಡ. ಅದನ್ನೂ ‘ತಪ್ಪು’ ಎಂದು ಹೇಳಿ ಕಳುಹಿಸುವವರು ಕನ್ನಡ ಸಂಘದವರೇ ಆದರೆ, ಬೇರೆ ಯಾರನ್ನು ದೂರುವುದು?

ಮರಾಠಿಯ ನೆರೆಯವರಿಂದ ಈ ವಿಷಯದಲ್ಲಿ ನಾವು ಕಲಿಯುವುದಿದೆ. ನಮ್ಮದೇ ಗದಗಿನ ನೆಲದಿಂದ ಹೋದ ಭೀಮಸೇನ ಜೋಶಿಯವರು ರಾಮ ಫಾಟಕ, ಶ್ರೀನಿವಾಸ ಖಳೆ ಅವರ ಸಂಯೋಜನೆಗಳಲ್ಲಿ ಹಾಡಿದ ಅಭಂಗಗಳು ಮನೆಮನೆಯಲ್ಲಿ ಮೊಳಗಿದವು. ಅದಕ್ಕಿಂತ ದೊಡ್ಡ ಕಂಠ ಎಲ್ಲಿಂದ ತರೋಣ? ಆದರೂ ಆಷಾಢದಲ್ಲಿ ಪಂಢರಪುರಕ್ಕೆ ನಡೆಯುವ ದಿಂಡಿಗಳಲ್ಲಿ ವಾರಕರಿಗಳು ತಮ್ಮ ಪಾರಂಪರಿಕ ‘ಚಾಲ್’ಗಳಲ್ಲಿಯೇ ತುಕಾರಾಮರನ್ನು ಹಾಡುತ್ತಾರೆ. ಭೀಮಸೇನರಂತೆ ಹಾಡಲಿಲ್ಲವೆಂದು ಯಾವ ವಾರಕರಿಯ ಅಂಕವನ್ನೂ ಯಾರೂ ಕಳೆದಿಲ್ಲ. ಸಭಾಂಗಣದ ಅಭಂಗ ಸಭಾಂಗಣದಲ್ಲಿದೆ, ದಾರಿಯ ಅಭಂಗ ದಾರಿಯಲ್ಲಿದೆ.

ವಿಮರ್ಶಕರಿಗೂ ಒಂದು ಮಾತು ಹೇಳಬೇಕು. ತತ್ವಪದಗಳನ್ನು ಸಾಹಿತ್ಯದ ಅಂಗಳದ ಹೊರಗೇ ಬಹುಕಾಲ ನಿಲ್ಲಿಸಿದವರು ಅವರು. ರಹಮತ್ ತರೀಕೆರೆಯವರಂಥವರು ಊರೂರು ಸುತ್ತಿ ಬರೆದ ಮೇಲೆ, ತತ್ವಪದಗಳ ಸಂಪುಟಗಳು ಅಚ್ಚಾದ ಮೇಲೆ ಆ ಕೊರತೆ ಬಹುಮಟ್ಟಿಗೆ ನೀಗಿದೆ. ಆದರೆ ವೇದಿಕೆಯ ಶರೀಫರು ಮಾತ್ರ ಇನ್ನೂ ಹತ್ತು ಹನ್ನೆರಡು ಪದಗಳ ಶರೀಫರೇ: ಕೋಡಗ, ಮುದುಕಿ, ಗುಡುಗುಡಿ. ಮೊಹರಮ್ಮಿನ ಅಲಾವಿಗೆಂದು ಅವರು ಕಟ್ಟಿದ ರಿವಾಯತ ಪದಗಳನ್ನು ಯಾವ ಸ್ಪರ್ಧೆಯಲ್ಲಿ ಯಾರು ಕೇಳಿದ್ದಾರೆ? ಅಷ್ಟೇ ಅಲ್ಲ, ಕಲಬುರಗಿ ಸೀಮೆಗೆ ಹೊಂದಿದ ನಮ್ಮ ಹಳ್ಳಿಗಳಲ್ಲಿ ಶರೀಫರಿಗಿಂತ ಮೊದಲು ನೆಲೆಗೊಂಡದ್ದು ಕಡಕೋಳ ಮಡಿವಾಳಪ್ಪನವರ ಪದಗಳು. ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ಪದಗಳು. ಅವರಿಗೆ ಚಲನಚಿತ್ರದ ಭಾಗ್ಯವಿರಲಿಲ್ಲ. ಮೂಲ ಧಾಟಿಯ ನಿಯಮವಿದ್ದಲ್ಲಿ ಅವರ ಪದಗಳನ್ನು ಮಕ್ಕಳು ಮುಟ್ಟುವುದೂ ಇಲ್ಲ, ಏಕೆಂದರೆ ಕೇಳಿ ಒಪ್ಪಿಸುವುದಕ್ಕೆ ಹೆಸರಾಂತ ಕ್ಯಾಸೆಟ್ಟಿಲ್ಲ.

ಇಷ್ಟೆಲ್ಲ ಹೇಳಿ, ಯಾರು ಹೇಗೆ ಬೇಕಾದರೂ ಹಾಡಲಿ ಎಂದು ನಾನು ಕೈಚೆಲ್ಲುವವನಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದವನು ನಾನು, ಶಿಸ್ತು ಬೇಡವೆನ್ನಲಾರೆ. ಶಿಸ್ತನ್ನು ಇಡಬೇಕಾದಲ್ಲಿ ಇಡಿ ಎನ್ನುತ್ತೇನೆ. ನಾಲ್ಕು ನಿಮಿಷದ ಮಿತಿಗೆ ಹೆದರಿ ಮಕ್ಕಳು ಕೊನೆಯ ನುಡಿಯನ್ನೇ ಬಿಟ್ಟು ಇಳಿಯುತ್ತಾರೆ. ಆ ನುಡಿಯಲ್ಲಿಯೇ ಶಿಶುನಾಳಾಧೀಶನ ಅಂಕಿತ, ಗುರು ಗೋವಿಂದನ ಸ್ಮರಣೆ ಇರುತ್ತದೆ. ಅಂಕಿತವಿಲ್ಲದ ಪದ ರುಜುವಿಲ್ಲದ ಪತ್ರ. ಅದಕ್ಕೆ ಅಂಕ ಕಳೆಯಿರಿ, ನಾನು ಬೆಂಬಲಿಸುತ್ತೇನೆ. ಉತ್ತರದ ನುಡಿಯ ‘ಬೇ’, ‘ಲೇ’ಗಳನ್ನು ಗ್ರಂಥಭಾಷೆಗೆ ತಿದ್ದಿ ಹಾಡಿದರೆ ಅಂಕ ಕಳೆಯಿರಿ. ಧಾಟಿ ಯಾರದೆಂದು ಹಾಡುವ ಮುನ್ನ ಹೇಳಲಿ: ಅಶ್ವತ್ಥರದಾದರೆ ಅಶ್ವತ್ಥರದೆಂದು, ನಮ್ಮೂರ ಮೇಳದ್ದಾದರೆ ಆ ಮೇಳದ ಹೆಸರನ್ನು. ಅಶ್ವತ್ಥರಿಗೆ ನಿಜವಾದ ಗೌರವ ಸಲ್ಲುವುದೂ ಆಗಲೇ. ಅವರ ಸ್ವಂತ ಸೃಷ್ಟಿಯನ್ನು ‘ಮೂಲ’ವೆಂದು ಕರೆದು ಅವರ ಹೆಸರನ್ನೇ ಅಳಿಸುತ್ತಿರುವವರು ಅವರ ಅಭಿಮಾನಿಗಳೆಂದು ಹೇಳಿಕೊಳ್ಳುವುದು ವಿಚಿತ್ರ.

ನಿಯಮಾವಳಿಯ ತಿದ್ದುಪಡಿಯನ್ನು ಬರೆದು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಹಳೆಯ ವಾಕ್ಯದ ಜಾಗದಲ್ಲಿ ಹೀಗಿರಲಿ: ತತ್ವಪದವನ್ನು ಯಾವ ಮಟ್ಟಿನಲ್ಲಿಯಾದರೂ ಹಾಡಬಹುದು, ಪಾಠ ಪೂರ್ಣವಾಗಿರಬೇಕು, ಅಂಕಿತ ಬಿಡಕೂಡದು, ಮಟ್ಟು ಯಾರಿಂದ ಕಲಿತದ್ದೆಂದು ತಿಳಿಸಬೇಕು. ತೀರ್ಪುಗಾರರ ಮೂವರಲ್ಲಿ ಒಬ್ಬರು ಭಜನಿ ಮೇಳದವರಾಗಿರಬೇಕು, ಅವರಿಗೆ ಓದು ಬರಹ ಬಾರದಿದ್ದರೂ ಸರಿ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದು ಚರ್ಚೆಗೆ ಬರಲಿದೆ. ವಿರೋಧಿಸುವವರು ಬರುವಾಗ ತಮ್ಮ ಮನೆಯ ಹಿರಿಯರನ್ನೂ ಕರೆತರಲಿ, ಅವರು ಒಂದು ಪದ ಹಾಡಿದ ಮೇಲೆಯೇ ಮತಕ್ಕೆ ಹಾಕೋಣ.